ಸಿಡಿಯ ವೇಷ ಹಾಕುವ ವೈಫೈ ಡಾಂಗಲ್

ಹಳೆಯ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಹಾಕಿಕೊಡುವುದು ನನ್ನ ಬಿಡುವಿನ ಹುಚ್ಚು. ವೈಫೈ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಒಂದೇ: ಡಬ್ಬದ ಮೇಲಿನ ಹೆಸರನ್ನು ಬಿಟ್ಟು ಒಳಗಿನ ಚಿಪ್ ಯಾವುದೆಂದು ನೋಡಿ. ಟಿಪಿ-ಲಿಂಕ್ ಡಬ್ಲ್ಯುಎನ್722ಎನ್ ಅಡಾಪ್ಟರಿನ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್ ಇತ್ತು. ಎರಡನೆಯದರಲ್ಲಿ ರಿಯಲ್‌ಟೆಕ್ ಬಂದು ಕೂತಿತು. ಹೆಸರು ಮಾತ್ರ ಅದೇ.

ಡಾಂಗಲ್ (ಯುಎಸ್‌ಬಿಯ ಪುಟ್ಟ ಅಡಾಪ್ಟರ್) ಚುಚ್ಚಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಎಂಬ, ಜೋಡಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಆದೇಶ ಕೊಡಿ. ಪ್ರತಿ ಸಾಲಿನಲ್ಲೂ ಐಡಿ ಎಂಬ ಪದದ ಮುಂದೆ ನಡುವೆ ವಿರಾಮಚಿಹ್ನೆ ಇರುವ ಎರಡು ಸಂಕೇತಗಳು ಕಾಣುತ್ತವೆ. ಮೊದಲನೆಯದು ಕಂಪನಿಯದು, ಎರಡನೆಯದು ಸಾಧನದ್ದು. 0ಬಿಡಿಎ (0bda) ಎಂದಿದ್ದರೆ ರಿಯಲ್‌ಟೆಕ್.

ಅಗ್ಗದ ಆರ್‌ಟಿಎಲ್8821ಸಿಯು ಎಂಬ ರಿಯಲ್‌ಟೆಕ್ ಚಿಪ್ ಇರುವ ಡಾಂಗಲುಗಳ ಆಟ ಇಲ್ಲಿಂದ ಶುರು. ಹಲವು ಡಾಂಗಲುಗಳು ಚುಚ್ಚಿದೊಡನೆ 0ಬಿಡಿಎ:1ಎ2ಬಿ ಎಂದು ತೋರಿಸಿ, ತಾನು ಸಿಡಿ ಡ್ರೈವ್ ಎಂದು ಸಾಧಿಸುತ್ತವೆ. ಆ ಸಿಡಿಯೊಳಗಿರುವುದು ವಿಂಡೋಸ್ ಡ್ರೈವರ್. ನಮಗೆ ಅದರಿಂದ ಕವಡೆ ಕಾಸಿನ ಉಪಯೋಗವಿಲ್ಲ. ಫೈಲ್ ಮ್ಯಾನೇಜರಿನಲ್ಲಿ ಅದನ್ನು ಎಜೆಕ್ಟ್ ಮಾಡಿ, ಎಲ್‌ಎಸ್‌ಯುಎಸ್‌ಬಿಯನ್ನು ಮತ್ತೊಮ್ಮೆ ನೋಡಿ. ಸಂಕೇತ 0ಬಿಡಿಎ:ಸಿ811 ಆಗಿದ್ದರೆ ವೇಷ ಕಳಚಿತು. ಪ್ರತಿಸಲ ಕೈಯಿಂದ ಮಾಡುವ ತಾಪತ್ರಯ ಬೇಡವೆನ್ನುವವರು ಯುಎಸ್‌ಬಿ ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿಕೊಳ್ಳಲಿ.

ಈಗ ಯುನೇಮ್ -ಆರ್ (uname -r) ಆದೇಶದಿಂದ ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಆವೃತ್ತಿ ಸಂಖ್ಯೆ ತಿಳಿಯಿರಿ. 6.2 ಅಥವಾ ಅದಕ್ಕಿಂತ ಹೊಸದಾದರೆ ಈ ಚಿಪ್‌ನ ಡ್ರೈವರ್ ಕರ್ನಲ್‌ನಲ್ಲೇ ಇದೆ. ಲಿನಕ್ಸ್‌ನ ರೂಪಗಳಲ್ಲೊಂದಾದ ಉಬುಂಟು 24.04 ಬಂದದ್ದೇ 6.8ರೊಂದಿಗೆ, ಅಲ್ಲಿ ಎಲ್ಲಿಂದಲೋ ಡ್ರೈವರ್ ಇಳಿಸಿ ಕಂಪೈಲ್ ಮಾಡುವುದು ವೃಥಾ ಶ್ರಮ. ಡೆಬಿಯನ್ 12ರ ಕರ್ನಲ್ 6.1, ಮಿಂಟ್ 21 ಬಂದಾಗ ಇದ್ದದ್ದು 5.15. ಇವುಗಳಲ್ಲಿ ಹೊಸ ಕರ್ನಲ್ ಹಾಕಿಕೊಳ್ಳುವುದೇ ನನಗೆ ಮೆಚ್ಚಿನ ದಾರಿ. ಡೆಬಿಯನ್‌ನಲ್ಲಾದರೆ ರಿಯಲ್‌ಟೆಕ್‌ನ ಫರ್ಮ್‌ವೇರ್ ಪ್ಯಾಕೇಜನ್ನೂ (ಚಿಪ್‌ನೊಳಗೆ ಓಡುವ ತಂತ್ರಾಂಶ) ಮರೆಯಬೇಡಿ. ಅದಿಲ್ಲದೆ ಡ್ರೈವರ್ ಇದ್ದೂ ಇಲ್ಲದಂತೆ.

ವೈಫೈ ಇಲ್ಲದೆ ಇವನ್ನೆಲ್ಲ ಇಳಿಸುವುದು ಹೇಗೆ? ಮೊಬೈಲನ್ನು ಡೇಟಾ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಮೊಬೈಲಿನ ಇಂಟರ್ನೆಟ್ ಹಂಚುವ ಆಯ್ಕೆ) ಒತ್ತಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿಯುತ್ತದೆ. ಬರೀ ಚಾರ್ಜಿಂಗ್‌ಗೆಂದು ಮಾಡಿದ ಕೇಬಲ್ ನಡೆಯುವುದಿಲ್ಲ.

ಹಳೆಯ ಕರ್ನಲನ್ನೇ ಇಟ್ಟುಕೊಳ್ಳಬೇಕಾದವರಿಗೆ ಡ್ರೈವರನ್ನು ಕಟ್ಟಿಕೊಡುವ ಡಿಕೆಎಂಎಸ್ ಎಂಬ ಸಲಕರಣೆ ಬೇಕು. ಕಂಪೈಲರ್ ಮತ್ತು ಚಾಲ್ತಿಯಲ್ಲಿರುವ ಕರ್ನಲ್‌ನ ಹೆಡರ್‌ಗಳನ್ನು (ಡ್ರೈವರ್ ಕಟ್ಟಲು ಬೇಕಾದ ಕಡತಗಳು) ಮೊದಲು ಹಾಕಿ, ಆಮೇಲೆ ಡ್ರೈವರ್. ಕರ್ನಲ್ ನವೀಕರಣವಾದಾಗ ಡಿಕೆಎಂಎಸ್ ತಾನೇ ಡ್ರೈವರನ್ನು ಮತ್ತೆ ಕಟ್ಟುತ್ತದೆ, ಹೊಸ ಹೆಡರ್‌ಗಳು ಇದ್ದರೆ. ಇಲ್ಲದಿದ್ದರೆ ವೈಫೈ ನಿಂತುಹೋಗುತ್ತದೆ. ಹಾಗಾಗಿ ಆ ಮೊಬೈಲ್ ಕೇಬಲನ್ನು ಕೈಗೆಟಕುವಲ್ಲೇ ಇಟ್ಟಿರಿ.

ಎಲ್ಲ ಸರಿಯಾಗಿಯೂ ಡ್ರೈವರ್ ಹಿಡಿಯದೆ, ಕೀಲಿ ತಿರಸ್ಕೃತವಾಯಿತೆಂಬ ಅರ್ಥದ ಸಂದೇಶ ಬಂದರೆ ಅದು ಸಹಿಯಿಲ್ಲದ ಡ್ರೈವರನ್ನು ತಡೆಯುವ ಸೆಕ್ಯೂರ್ ಬೂಟ್ ಎಂಬ ಕಾವಲಿನ ತಕರಾರು. ಅದನ್ನು ಆಫ್ ಮಾಡಿಬಿಡಿ ಎಂದು ಸಲಹೆ ಕೊಡುವವರು ಬಹಳ ಮಂದಿ, ನಾನು ಕೊಡುವುದಿಲ್ಲ. ಉಬುಂಟು ಡ್ರೈವರ್ ಹಾಕುವಾಗಲೇ ಒಂದು ಹೊಸ ಪಾಸ್‌ವರ್ಡ್ ಕೇಳುತ್ತದೆ. ಬರೆದಿಟ್ಟುಕೊಳ್ಳಿ. ಮರುಚಾಲನೆಯಲ್ಲಿ ನೀಲಿ ಪರದೆ ಬಂದಾಗ ಗಾಬರಿಯಿಂದ ಎಂಟರ್ ಒತ್ತಬೇಡಿ. ಅಲ್ಲಿ ಮೊದಲಿಗೇ ಇರುವ ಆಯ್ಕೆ ಕೀಲಿ ಸೇರಿಸದೆ ಮುಂದೆ ಹೋಗುವುದು. ಎನ್‌ರೋಲ್ ಎಂಓಕೆ (ಕೀಲಿ ಸೇರಿಸುವ ಆಯ್ಕೆ) ಆರಿಸಿ, ಒಪ್ಪಿಗೆ ಕೊಟ್ಟು, ಅದೇ ಪಾಸ್‌ವರ್ಡ್ ಹಾಕಿದರೆ ಕೆಲಸ ಮುಗಿಯಿತು.