ಅಮೆರಿಕದಲ್ಲಿ ಜಾಹೀರಾತಿನ ನಟನೆ: ವೀಸಾದಿಂದ ಚೆಕ್ಕಿನವರೆಗೆ

ಇಲ್ಲಿನ ಟಿವಿಯಲ್ಲಿ ಇನ್ಶೂರೆನ್ಸ್, ಬ್ಯಾಂಕು, ಔಷಧಿಯ ಜಾಹೀರಾತು ಬಂದಾಗ ಈಗ ನಮ್ಮವರ ಮುಖ ಆಗಾಗ ಕಾಣುತ್ತದೆ. ಡಾಕ್ಟರು, ಪಕ್ಕದ ಮನೆಯವರು, ಮಕ್ಕಳ ಜೊತೆ ಸೋಫಾದ ಮೇಲೆ ಕೂತ ಅಪ್ಪ. ಊರಲ್ಲಿ ನಾಟಕ ಮಾಡಿ ಬಂದವರಿಗೆ, ಇಲ್ಲಿ ಕನ್ನಡ ಕೂಟದ ವೇದಿಕೆ ಹತ್ತಿದವರಿಗೆ ಅದನ್ನು ನೋಡಿದಾಗ ಆಸೆ ಹುಟ್ಟುವುದು ಸಹಜ ಅಲ್ವಾ? ದಾರಿ ಇದೆ. ಆದರೆ ಪರಿಚಯದವರಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಕಾಯುತ್ತಾ ಕೂತರೆ ಇಲ್ಲಿ ಕೆಲಸ ಸಿಗುವುದಿಲ್ಲ. ಇಲ್ಲಿನ ಪದ್ಧತಿಯೇ ಬೇರೆ.

ಮೊದಲು ವೀಸಾ ನೋಡಿಕೊಳ್ಳಿ. ಎಚ್-1ಬಿಯಲ್ಲಿದ್ದರೆ ನಿಮಗೆ ವೀಸಾ ಮಾಡಿಸಿದ ಕಂಪನಿಗೆ ಮಾತ್ರ ದುಡಿಯಬಹುದು. ಶನಿವಾರ ಒಂದೇ ಒಂದು ದಿನದ ಶೂಟಿಂಗ್ ಇದ್ದರೂ ಅದು ಹೊರಗಿನ ಕೆಲಸವೇ. "ದುಡ್ಡು ತಗೊಳ್ಳಲ್ಲ, ಸುಮ್ನೆ ಮಾಡ್ತೀನಿ" ಅಂದರೂ ಬಚಾವಾಗುವುದಿಲ್ಲ. ಬೇರೆಯವರಿಗೆ ದುಡ್ಡು ಕೊಟ್ಟು ಮಾಡಿಸುವ ಕೆಲಸವನ್ನು ನೀವು ಬಿಟ್ಟಿ ಮಾಡಿದರೂ ಅದನ್ನು ಉದ್ಯೋಗ ಅಂತಲೇ ನೋಡುವ ಸಾಧ್ಯತೆ ಇದೆ. ಎಚ್-1ಬಿಯವರ ಜೊತೆ ಎಚ್-4ರಲ್ಲಿರುವ ಗಂಡ ಅಥವಾ ಹೆಂಡತಿಗೆ 2015ರಿಂದ ಇಎಡಿ, ಅಂದರೆ ಕೆಲಸದ ಅನುಮತಿ ಕಾರ್ಡು, ಸಿಗುತ್ತಿದೆ. ಎಲ್ಲರಿಗೂ ಅಲ್ಲ, ಸಂಗಾತಿಯ ಗ್ರೀನ್ ಕಾರ್ಡಿನ ದಾರಿಯಲ್ಲಿ ಐ-140 ಅನ್ನುವ ಅರ್ಜಿ ಮಂಜೂರಾಗಿರುವಂಥವರಿಗೆ. ಅದು ಕೈಯಲ್ಲಿದ್ದರೆ ನಟನೆಯ ಕೆಲಸವನ್ನೂ ಮಾಡಬಹುದು. ಕಂಪನಿಯೊಳಗೇ ವರ್ಗವಾಗಿ ಬಂದವರ ಎಲ್-2 ಸಂಗಾತಿಗಳಿಗೆ 2021ರ ನವೆಂಬರಿನಿಂದ ವೀಸಾದ ಜೊತೆಗೇ ಕೆಲಸದ ಅನುಮತಿ ಇದೆ. ವಿದ್ಯಾರ್ಥಿಗಳು ಒಪಿಟಿಯಲ್ಲಿ, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿಯಲ್ಲಿ, ಮಾಡುವ ಕೆಲಸ ಓದಿದ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಕಂಪ್ಯೂಟರ್ ಸೈನ್ಸ್ ಓದಿ ಶಾಂಪೂ ಜಾಹೀರಾತು ಮಾಡಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಗ್ರೀನ್ ಕಾರ್ಡ್ ಅಥವಾ ಸಿಟಿಜನ್‌ಶಿಪ್ ಇದ್ದವರಿಗೆ ಈ ತಲೆನೋವಿಲ್ಲ. ಅನುಮಾನ ಇದ್ದರೆ ಇಮಿಗ್ರೇಷನ್ ವಕೀಲರನ್ನು ಕೇಳಿ, ವಾಟ್ಸಾಪ್ ಗ್ರೂಪನ್ನು ಅಲ್ಲ. ನೌಕರಿಯ ಲೆಕ್ಕದಲ್ಲಿ ಸಂಬಳ ಕೊಡುವ ಸೆಟ್ಟಿನಲ್ಲಿ ಕೆಲಸ ಮಾಡುವ ಅನುಮತಿ ಇದೆ ಅಂತ ತೋರಿಸುವ ಐ-9 ಫಾರಂ ತುಂಬಿಸಿಕೊಂಡು ದಾಖಲೆ ನೋಡಿಯೇ ಕೆಲಸಕ್ಕೆ ಬಿಡುತ್ತಾರೆ.

ಇನ್ನು ಕೆಲಸ ಹೇಗೆ ಬರುತ್ತದೆ ಅಂತ. ವಸ್ತು ಮಾರುವ ಕಂಪನಿ ಆಡ್ ಏಜೆನ್ಸಿಗೆ ಹೇಳುತ್ತದೆ. ಅವರು ಪ್ರೊಡಕ್ಷನ್ ಕಂಪನಿಯನ್ನು ಹಿಡಿಯುತ್ತಾರೆ. ಪ್ರೊಡಕ್ಷನ್‌ನವರು ಕಾಸ್ಟಿಂಗ್ ಡೈರೆಕ್ಟರ್‌ಗೆ ಕೊಡುತ್ತಾರೆ. ಕಾಸ್ಟಿಂಗ್‌ನವರು ಪಾತ್ರದ ವಿವರ ಬರೆದು ಆಕ್ಟರ್ಸ್ ಆಕ್ಸೆಸ್, ಕಾಸ್ಟಿಂಗ್ ನೆಟ್‌ವರ್ಕ್ಸ್, ಬ್ಯಾಕ್‌ಸ್ಟೇಜ್ ಥರದ ಜಾಲತಾಣಗಳಲ್ಲಿ ಹಾಕುತ್ತಾರೆ. ಒಂದಷ್ಟು ಪಾತ್ರಗಳ ವಿವರ ನಟರಿಗೆ ಕೆಲಸ ಹುಡುಕಿಕೊಡುವ ಏಜೆಂಟರಿಗೆ ಮಾತ್ರ ಕಾಣುತ್ತದೆ, ಉಳಿದವು ಎಲ್ಲರಿಗೂ. ಏಜೆಂಟ್ ಇಲ್ಲದವರು ಈ ಎರಡನೇ ಬಾಗಿಲಿನಿಂದಲೇ ಶುರು ಮಾಡುವುದು.

ಈ ಜಾಲತಾಣಗಳ ಪ್ರೊಫೈಲಿಗೆ ಬೇಕಾಗಿದ್ದು ಒಳ್ಳೆಯ ಹೆಡ್‌ಶಾಟ್, ಅಂದರೆ ಮುಖದ ಫೋಟೋ. ಮದುವೆ ಫೋಟೋ ಬೇಡ, ಜಾಸ್ತಿ ತಿದ್ದಿದ್ದೂ ಬೇಡ. ಬಾಗಿಲು ತೆಗೆದಾಗ ಫೋಟೋದಲ್ಲಿದ್ದವರೇ ನಿಂತಿರಬೇಕು. ಎತ್ತರ, ಶರ್ಟಿನ ಅಳತೆ, ಶೂ ಸೈಜು ಸರಿಯಾಗಿ ಬರೆಯಿರಿ, ಬಟ್ಟೆ ತರುವವರು ಅದನ್ನೇ ನಂಬುತ್ತಾರೆ. ಭಾಷೆಗಳ ಜಾಗದಲ್ಲಿ ಕನ್ನಡ ಖಂಡಿತ ಹಾಕಿ. ಕ್ರಿಕೆಟ್, ಭರತನಾಟ್ಯ, ಮೃದಂಗ, ಗೇರ್ ಕಾರು ಓಡಿಸುವುದು, ಏನು ನಿಜವಾಗಿ ಬರುತ್ತದೋ ಅದನ್ನೆಲ್ಲ ಬರೆಯಿರಿ. ಬಾರದ್ದನ್ನು ಮಾತ್ರ ಬರೆಯಬೇಡಿ. "ಈಜು ಬರುತ್ತದೆ" ಅಂತ ಬರೆದರೆ ನಿಮ್ಮನ್ನು ನೀರಿಗಿಳಿಸಿಯೇ ಇಳಿಸುತ್ತಾರೆ. ಇನ್ನೊಂದು ವಿಷಯ: ದೂರದ ಊರಿನ ಪಾತ್ರಕ್ಕೆ "ಲೋಕಲ್" ಅಂತ ಹೆಸರು ಕೊಟ್ಟರೆ ಪ್ರಯಾಣ, ಹೋಟೆಲ್ ಎಲ್ಲ ನಿಮ್ಮ ಖರ್ಚು.

ಈಗ ಮೊದಲ ಸುತ್ತಿನ ಆಡಿಷನ್ ಬಹುಪಾಲು ಸೆಲ್ಫ್ ಟೇಪ್. ಮನೆಯಲ್ಲೇ ಫೋನಿನಲ್ಲಿ ಶೂಟ್ ಮಾಡಿ ಕಳಿಸಬೇಕು. ನಾನು ಮಲಗುವ ಕೋಣೆಯ ಗೋಡೆಗೆ ಬೂದು ಬಣ್ಣದ ಬೆಡ್‌ಶೀಟ್ ಇಸ್ತ್ರಿ ಮಾಡಿ ಕಟ್ಟುತ್ತೇನೆ. ಸುಕ್ಕಿದ್ದರೆ ಕ್ಯಾಮೆರಾದಲ್ಲಿ ಎದ್ದು ಕಾಣುತ್ತದೆ. ಕಿಟಕಿಯ ಬೆಳಕು ಎದುರಿನಿಂದ ಬರಬೇಕು, ಫೋನು ಅಡ್ಡಕ್ಕೆ, ಕಣ್ಣಿನ ಮಟ್ಟಕ್ಕೆ ಇರಬೇಕು. ಫ್ರಿಜ್ಜಿನ ಗುಂಯ್ ಸದ್ದು ಕೋಣೆವರೆಗೂ ಬರುತ್ತದೆ, ಬಾಗಿಲು ಹಾಕಿಕೊಳ್ಳಿ. ಎದುರು ಪಾತ್ರದ ಮಾತು ಓದಲು ಮನೆಯವರೊಬ್ಬರು ಫೋನಿನ ಪಕ್ಕದಲ್ಲೇ ನಿಲ್ಲಲಿ. ಶುರುವಿನಲ್ಲಿ ಸ್ಲೇಟ್: ಹೆಸರು, ಎತ್ತರ, ಇರುವ ಊರು. ಕೇಳಿದ್ದರೆ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಎರಡೂ ಕೈಯ ಹಿಂದೆ ಮುಂದೆ ತೋರಿಸಿ. ಜಾಹೀರಾತಿನಲ್ಲಿ ಕಪ್ಪು, ಬಾಟಲಿ, ಫೋನು ಹಿಡಿಯುವುದು ನಿಮ್ಮ ಕೈ ತಾನೆ, ಅದಕ್ಕೇ. ಹೆಸರನ್ನು ಅವರಿಗಾಗಿ ಮುರಿಯಬೇಡಿ, ನಿಧಾನವಾಗಿ ಸ್ಪಷ್ಟವಾಗಿ ಹೇಳಿ.

ರಂಗಭೂಮಿಯವರಿಗೆ ಇಲ್ಲಿ ಒಂದು ಕಷ್ಟ ಇದೆ. ನಾವು ಕೊನೆಯ ಸಾಲಿನವರಿಗೂ ಮುಟ್ಟುವ ಹಾಗೆ ಆಡಿ ಬೆಳೆದವರು. ಇಲ್ಲಿ ಎಷ್ಟೋ ಪಾತ್ರಗಳಿಗೆ ಮಾತೇ ಇರುವುದಿಲ್ಲ. ಕಾಫಿ ಕುಡಿದು ಖುಷಿಪಡಬೇಕು, ಬಿಲ್ ನೋಡಿ ನಿರಾಳ ಆಗಬೇಕು, ಅಷ್ಟೇ. ಆ ಎರಡು ಸೆಕೆಂಡು ನಿಜ ಅನ್ನಿಸಬೇಕು. ಇದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡಿ, ಇದಕ್ಕೂ ಅಭ್ಯಾಸ ಬೇಕು.

ಟೇಪ್ ಇಷ್ಟವಾದರೆ ಕಾಲ್‌ಬ್ಯಾಕ್, ಅಂದರೆ ಡೈರೆಕ್ಟರ್ ಎದುರು ಇನ್ನೊಂದು ಸುತ್ತು. ಅದಾದ ಮೇಲೆ "ಅವೈಲ್" ಅಥವಾ "ಹೋಲ್ಡ್" ಬರಬಹುದು. ಆ ದಿನಗಳನ್ನು ಖಾಲಿ ಇಟ್ಟುಕೊಳ್ಳಿ ಅಂತ ಅರ್ಥ, ಕೆಲಸ ಸಿಕ್ಕಿತು ಅಂತಲ್ಲ. ಬುಕಿಂಗ್ ಖಚಿತವಾಗುವ ತನಕ ಊರಿಗೆ ಫೋನು ಮಾಡಿ ಸಿಹಿ ಹಂಚಬೇಡಿ.

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ದುಡ್ಡಿನ ವಿಷಯ. ಇಲ್ಲಿ ಜಾಹೀರಾತು ಮಾಡುವುದು ಮುಖವನ್ನು ಬಾಡಿಗೆಗೆ ಕೊಟ್ಟ ಹಾಗೆ. ಶೂಟಿಂಗ್ ದಿನದ ಸಂಬಳ ಬೇರೆ, ಆ ಮುಖವನ್ನು ಎಲ್ಲಿ, ಎಷ್ಟು ಕಾಲ ತೋರಿಸುತ್ತಾರೆ ಅನ್ನುವುದರ ಬಾಡಿಗೆ ಬೇರೆ. ನಟರ ಯೂನಿಯನ್ನಾದ ಸ್ಯಾಗ್-ಆಫ್ಟ್ರಾದ 2022ರ ಒಪ್ಪಂದದಲ್ಲಿ ಕ್ಯಾಮೆರಾ ಮುಂದಿನ ಮುಖ್ಯ ಪಾತ್ರಕ್ಕೆ ಒಂದು ದಿನಕ್ಕೆ ಸುಮಾರು 783 ಡಾಲರ್ ಇತ್ತು. ಅದರ ಮೇಲೆ ಪ್ರಸಾರದ ರೆಸಿಡ್ಯುಯಲ್, ಅಂದರೆ ಆ ಬಾಡಿಗೆ, ಬರುತ್ತದೆ. ಲೆಕ್ಕ ಸಾಮಾನ್ಯವಾಗಿ 13 ವಾರದ ಸುತ್ತುಗಳಲ್ಲಿ ನಡೆಯುತ್ತದೆ. ಜಾಹೀರಾತು ಓಡದಿದ್ದರೂ ನಿಮ್ಮನ್ನು ಹಿಡಿದಿಟ್ಟುಕೊಳ್ಳಬೇಕು ಅಂದರೆ 13 ವಾರಕ್ಕೊಮ್ಮೆ ಹೋಲ್ಡಿಂಗ್ ಫೀ ಕೊಡಬೇಕು. ಆ ಅವಧಿಯಲ್ಲಿ ನೀವು ಅದೇ ಥರದ ಬೇರೆ ವಸ್ತುವಿನ ಜಾಹೀರಾತು ಮಾಡುವಂತಿಲ್ಲ. ಒಂದು ಕಾರಿನಲ್ಲಿ ಕೂತರೆ ಇನ್ನೊಂದು ಕಾರಿಗೆ ಇಲ್ಲ.

ಯೂನಿಯನ್ ಅಲ್ಲದ ಕೆಲಸದಲ್ಲಿ ಈ ರಕ್ಷಣೆ ಇಲ್ಲ. ಅಲ್ಲಿ ನಡೆಯುವುದು ಬೈಔಟ್, ಎಲ್ಲದಕ್ಕೂ ಸೇರಿ ಒಂದೇ ಮೊತ್ತ. ಹೊಸಬರಿಗೆ ಮೊದಲು ಸಿಗುವುದು ಹೆಚ್ಚಾಗಿ ಇಂಥದ್ದೇ. ಸಾವಿರ ಡಾಲರ್ ಅಂದಾಕ್ಷಣ ಸಹಿ ಹಾಕಬೇಡಿ. ಕಾಗದದಲ್ಲಿ "ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ" ಅನ್ನುವ ಅರ್ಥದ ಸಾಲು ಇದೆಯಾ ನೋಡಿ. ಒಂದು ಬ್ಯಾಂಕಿಗೆ ಶಾಶ್ವತವಾಗಿ ಮುಖ ಕೊಟ್ಟರೆ ಮುಂದೆ ಒಳ್ಳೆಯ ದುಡ್ಡು ಕೊಡುವ ಇನ್ನೊಂದು ಬ್ಯಾಂಕು ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ. "ಒಂದು ವರ್ಷ, ಇಂಟರ್ನೆಟ್ ಮಾತ್ರ" ಅಂತ ಬದಲಿಸಲು ವಿನಯದಿಂದ ಕೇಳಿ. ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ನಮ್ಮವರಲ್ಲಿ ಜಾಸ್ತಿ, ಆದರೆ ಇಲ್ಲಿ ಕೇಳುವುದು ಮಾಮೂಲು. ನಿಮ್ಮ ಮುಖ, ದನಿಯ ಎಐ ನಕಲು ಮಾಡುವ ಹಕ್ಕಿನ ಸಾಲನ್ನೂ ಹುಡುಕಿ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಅಂಥ ನಕಲನ್ನು ಯಾವುದಕ್ಕೆ ಬಳಸುತ್ತಾರೆ ಅಂತ ಸ್ಪಷ್ಟವಾಗಿ ಹೇಳದ, ನಿಮ್ಮ ಪರ ವಕೀಲರಾಗಲಿ ಯೂನಿಯನ್ ಆಗಲಿ ಇಲ್ಲದ ಒಪ್ಪಂದದ ಸಾಲು ನಿಲ್ಲುವುದಿಲ್ಲ.

ಯೂನಿಯನ್‌ಗೆ ಸೇರಲು ಅವಸರ ಬೇಡ. ಟಾಫ್ಟ್-ಹಾರ್ಟ್ಲಿ ಅನ್ನುವ 1947ರ ಕಾನೂನಿನಿಂದಾಗಿ ಸದಸ್ಯರಲ್ಲದವರೂ ಮೊದಲ ಯೂನಿಯನ್ ಕೆಲಸ ಮಾಡಬಹುದು. ಮಾಡಿದ ಮೇಲೆ ಸೇರುವ ಅರ್ಹತೆ ಬರುತ್ತದೆ. ಪ್ರವೇಶ ಶುಲ್ಕವೇ ಸುಮಾರು 3,000 ಡಾಲರ್, ಜೊತೆಗೆ ವಾರ್ಷಿಕ ಚಂದಾ. ಸೇರಿದ ಮೇಲೆ ಯೂನಿಯನ್ ಅಲ್ಲದ ಕೆಲಸ ಮಾಡುವಂತಿಲ್ಲ. ನಿಮ್ಮ ಊರಿನಲ್ಲಿ ಯೂನಿಯನ್ ಕೆಲಸ ಎಷ್ಟು ನಡೆಯುತ್ತದೆ ನೋಡಿಕೊಂಡು ತೀರ್ಮಾನಿಸಿ.

ಏಜೆಂಟರು ನೀವು ದುಡಿದ ಮೇಲೆ ಕಮಿಷನ್ ತೆಗೆದುಕೊಳ್ಳುವವರು. ಯೂನಿಯನ್ ಕೆಲಸದಲ್ಲಿ ಶೇ. 10, ಉಳಿದದ್ದರಲ್ಲಿ ಇನ್ನೂ ಜಾಸ್ತಿ ಇರಬಹುದು. ಮೊದಲೇ ದುಡ್ಡು ಕೇಳಿದರೆ ಎದ್ದು ಬನ್ನಿ. ಕ್ಯಾಲಿಫೋರ್ನಿಯಾದಲ್ಲಿ ಏಜೆಂಟರಿಗೆ ಲೇಬರ್ ಕಮಿಷನರ್ ಲೈಸೆನ್ಸ್ ಇರಬೇಕು, ಕೆಲಸ ಕೊಡಿಸುತ್ತೇವೆ ಅಂತ ಮುಂಗಡ ಹಣ ಕೇಳುವುದನ್ನು ತಡೆಯಲು 2009ರಲ್ಲೇ ಕಾನೂನು ಬಂದಿದೆ. ಇನ್ನೊಂದು ಮೋಸ ಹೀಗೆ ನಡೆಯುತ್ತದೆ: ಆಡಿಷನ್ನೇ ಇಲ್ಲದೆ "ನೀವು ಆಯ್ಕೆಯಾಗಿದ್ದೀರಿ" ಅಂತ ಮೇಲ್ ಬರುತ್ತದೆ, ಜೊತೆಗೆ ದೊಡ್ಡ ಮೊತ್ತದ ಚೆಕ್. ನಿಮ್ಮ ಪಾಲು ಇಟ್ಟುಕೊಂಡು ಉಳಿದದ್ದನ್ನು ಮೇಕಪ್‌ನವರಿಗೆ ಕಳಿಸಿ ಅನ್ನುತ್ತಾರೆ. ಕೆಲವು ದಿನ ಬಿಟ್ಟು ಚೆಕ್ ಬೌನ್ಸ್ ಆಗುತ್ತದೆ, ನೀವು ಕಳಿಸಿದ ದುಡ್ಡು ಹೋಗಿರುತ್ತದೆ.

ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೆ: ಕ್ಯಾಲಿಫೋರ್ನಿಯಾದಲ್ಲಿ ಮಗುವಿಗೆ ಕೆಲಸದ ಪರ್ಮಿಟ್ ಬೇಕು. ಕೂಗನ್ ಕಾನೂನಿನಂತೆ ಗಳಿಕೆಯ ಶೇ. 15 ಮಗುವಿನ ಹೆಸರಿನ ಟ್ರಸ್ಟ್ ಖಾತೆಗೆ ಹೋಗಬೇಕು, ನೀವೂ ಅದನ್ನು ಮುಟ್ಟುವ ಹಾಗಿಲ್ಲ. ಆ ಖಾತೆಯನ್ನು ಮೊದಲೇ ತೆರೆದಿಡಿ.

ಕೊನೆಗೆ ವಿಳಾಸ. ನಾವು ಲೀಸ್ ಮುಗಿದ ಹಾಗೆಲ್ಲ ಅಪಾರ್ಟ್‌ಮೆಂಟ್ ಬದಲಿಸುವವರು. ರೆಸಿಡ್ಯುಯಲ್ ಚೆಕ್ಕು ಹಳೆಯ ಮನೆಗೇ ಹೋಗುತ್ತದೆ. ಮನೆ ಬದಲಿಸಿದಾಗ ಏಜೆಂಟ್, ಯೂನಿಯನ್, ಸಂಬಳ ಹಂಚುವ ಪೇರೋಲ್ ಕಂಪನಿ, ಮೂವರಿಗೂ ತಿಳಿಸಿ. ವಾರಸುದಾರರು ಸಿಗದೆ ಉಳಿದ ರೆಸಿಡ್ಯುಯಲ್‌ಗಳನ್ನು ಹೆಸರು ಹಾಕಿ ಹುಡುಕಲು ಸ್ಯಾಗ್-ಆಫ್ಟ್ರಾ ಜಾಲತಾಣದಲ್ಲಿ ಜಾಗವಿದೆ. ಯೂನಿಯನ್ ಜಾಹೀರಾತು ಮಾಡಿ ಊರಿಗೆ ವಾಪಸ್ ಹೋದವರು ಕೂಡ ಅಲ್ಲಿ ಒಮ್ಮೆ ನೋಡಬಹುದು.