ಯೀಸ್ಟ್ ಸ್ಪೋರ್ ಕಟ್ಟದೇ ಇದ್ದಾಗ ನಾನು ಮಾಡಿದ್ದು

ಹಾಸನದ ನಮ್ಮ ಯೀಸ್ಟ್ ಜೆನೆಟಿಕ್ಸ್ ತರಬೇತಿಯಲ್ಲಿ ಟೆಟ್ರಾಡ್, ಅಂದರೆ ನಾಲ್ಕು ಸ್ಪೋರ್‌ಗಳ (ಬೀಜಕಗಳ) ಗುಂಪನ್ನು ಬಿಡಿಸುವ ದಿನ ಹತ್ತಿರ ಬಂತು, ಟೆಟ್ರಾಡ್ ಮಾತ್ರ ಇಲ್ಲ. ಡಿಪ್ಲಾಯ್ಡ್ (ಪ್ರತಿ ಜೀನಿನ ಎರಡು ಪ್ರತಿ ಇರುವ) ಯೀಸ್ಟನ್ನು ಶೇ. 1ರ ಪೊಟ್ಯಾಸಿಯಂ ಅಸಿಟೇಟಿಗೆ ಹಾಕಿ ಶೇಕರ್‌ನಲ್ಲಿ ಕೆಲವು ದಿನ ಬಿಟ್ಟರೆ ಒಂದು ಚೀಲದೊಳಗೆ ನಾಲ್ಕು ಸ್ಪೋರ್ ಕಾಣಬೇಕು, ಆದರೆ ಮೈಕ್ರೋಸ್ಕೋಪಿನಲ್ಲಿ ಬರೀ ದುಂಡನೆಯ ಕೋಶಗಳು. ಮಳೆಗಾಲ ಅಲ್ವಾ, ರೂಮು ತಣ್ಣಗಿದೆ, ಅದಕ್ಕೇ ಅಂದರು ಎಲ್ಲರೂ. 25 ಡಿಗ್ರಿಯ ಇನ್‌ಕ್ಯುಬೇಟರ್‌ಗೆ ಇಟ್ಟೆವು. ಏನೂ ಆಗಲಿಲ್ಲ.

ಸುಳಿವು ಸಿಕ್ಕಿದ್ದು ನಮಗೆ ಬಂದಿದ್ದ ಹಳೇ ಪ್ಲೇಟಿನಲ್ಲಿ. ನಮ್ಮ ತಳಿಯಲ್ಲಿ ಎಡಿಇ2 ಜೀನಿನ ಎರಡೂ ಪ್ರತಿ ಕೆಟ್ಟಿವೆ, ಆಗ ಕೋಶದಲ್ಲಿ ಕೆಂಪು ಬಣ್ಣ ಕೂಡಿಕೊಳ್ಳುತ್ತದೆ, ಹಾಗಾಗಿ ಕಾಲೊನಿ ಕೆಂಪಗಿರಬೇಕು. ಇಲ್ಲಿ ನೋಡಿದರೆ ಜಾಸ್ತಿ ಪಾಲು ಬಿಳಿ, ಸಬ್ಬಕ್ಕಿ ಕಾಳಿನಷ್ಟು ಚಿಕ್ಕವು. ಇವೇ ಪೆಟೀಟ್‌ಗಳು, ಅಂದರೆ ಮೈಟೊಕಾಂಡ್ರಿಯಾ ಕೆಟ್ಟು ಉಸಿರಾಟ ನಿಂತ ಕೋಶಗಳು. ಗ್ಲುಕೋಸ್ ಇದ್ದರೆ ಹುದುಗಿಸಿಕೊಂಡು ಹೇಗೋ ಬದುಕುತ್ತವೆ. ಸ್ಪೋರ್ ಕಟ್ಟಲು ಮಾತ್ರ ಉಸಿರಾಟ ಬೇಕೇ ಬೇಕು, ಆ ಕೆಂಪು ಬಣ್ಣಕ್ಕೂ ಬೇಕು. ಸುಮ್ನೆ ಹವೆಯನ್ನು ಬೈದಿದ್ದೇ ಬಂತು!

ಗ್ಲುಕೋಸ್ ಬದಲು ಶೇ. 3 ಗ್ಲಿಸರಾಲ್ ಹಾಕಿದ ವೈಪಿಜಿ (ಯೀಸ್ಟ್ ಎಕ್ಸ್‌ಟ್ರಾಕ್ಟ್, ಪೆಪ್ಟೋನ್, ಗ್ಲಿಸರಾಲ್) ಪ್ಲೇಟಿನ ಮೇಲೆ ತಳಿಯನ್ನು ಗೀಟೆಳೆದೆ. ಗ್ಲಿಸರಾಲ್ ಬಳಸಿ ಬೆಳೆಯಲು ಉಸಿರಾಟ ಬೇಕು, ಹಾಗಾಗಿ ಪೆಟೀಟ್ ಅಲ್ಲಿ ಬೆಳೆಯುವುದೇ ಇಲ್ಲ. ಬೆಳೆದ ಒಂಟಿ ಕಾಲೊನಿಯನ್ನು ಎತ್ತಿ, ಬೆಳೆಸಿ, ನೀರಲ್ಲಿ ಚೆನ್ನಾಗಿ ತೊಳೆದು, ಗಾಳಿಯಾಡಲಿ ಅಂತ ದೊಡ್ಡ ಫ್ಲಾಸ್ಕಿನಲ್ಲಿ ಸ್ವಲ್ಪವೇ ಅಸಿಟೇಟ್ ದ್ರವಕ್ಕೆ ಹಾಕಿದೆ. ಈ ಸಲ ಟೆಟ್ರಾಡ್‌ಗಳು ಬಂದವು. ಅದೇ ಕಾಲೊನಿಯನ್ನು ಗ್ಲಿಸರಾಲ್ ಸೇರಿಸಿ ಮೈನಸ್ 80ರಲ್ಲಿ ಇಟ್ಟಿದ್ದೇವೆ, ಮುಂದಿನ ಬ್ಯಾಚಿನವರು ಅದರಿಂದಲೇ ತೆಗೆದುಕೊಳ್ಳಿ.