ಎದೆಗೆ ಪೆಟ್ಟು ಬಿದ್ದವರನ್ನು ನಾನು ನೋಡುವ ಬಗೆ

ಎದೆಗೆ ಪೆಟ್ಟು ಬಿದ್ದು ಕ್ಯಾಶುವಾಲಿಟಿಗೆ ಬರುವವರಲ್ಲಿ ಎಷ್ಟೋ ಜನ ನಡೆದುಕೊಂಡೇ ಬರುತ್ತಾರೆ. "ಏನೂ ಆಗಿಲ್ಲ ಸಾರ್, ನೋವಿಗೆ ಒಂದು ಇಂಜೆಕ್ಷನ್ ಕೊಡಿ, ಹೋಗ್ತೀನಿ" ಅಂತಾರೆ. ರಕ್ತ ಇಲ್ಲ, ಎಕ್ಸ್‌ರೇಯಲ್ಲಿ ಪಕ್ಕೆಲುಬೂ ಸರಿ ಇದೆ. ಆದರೂ ಇಸಿಜಿ ತೆಗೆಯದೆ ನಾನು ಯಾರನ್ನೂ ಮನೆಗೆ ಕಳಿಸುವುದಿಲ್ಲ.

ಎದೆಮೂಳೆಯ ಬೆನ್ನಿಗೇ ಇರುವುದು ಹೃದಯದ ಬಲಗಡೆಯ ಕೆಳಕೋಣೆ. ಎದೆ ಜೋರಾಗಿ ಅದುಮಿದಾಗ ಅದು ಮುಂದಿನ ಮೂಳೆಗೂ ಹಿಂದಿನ ಬೆನ್ನೆಲುಬಿಗೂ ನಡುವೆ ಸಿಕ್ಕಿ ಜಜ್ಜಿಹೋಗಬಹುದು. ಮೂಳೆ ಮುರಿದಿರಲೇಬೇಕು ಅಂತೇನಿಲ್ಲ.

ಒಬ್ಬ ಟೆಂಪೋ ಡ್ರೈವರ್ ನೆನಪಾಗುತ್ತಾರೆ. ನಿಂತಿದ್ದ ಲಾರಿಗೆ ಗುದ್ದಿದ್ದರು, ಬೆಲ್ಟ್ ಹಾಕಿರಲಿಲ್ಲ. ಅಂಗಿ ಬಿಚ್ಚಿಸಿದರೆ ಎದೆಯ ಮೇಲೆ ಸ್ಟೀರಿಂಗಿನ ಅರ್ಧ ಸುತ್ತು ಕೆಂಪಗೆ ಮೂಡಿತ್ತು. ಬಿಪಿ ಸರಿ ಇತ್ತು. ನಾಡಿ ಮಾತ್ರ 120ರ ಮೇಲೆ. ನೋವಿಗೆ ಇರಬೇಕು ಅಂತ ಇಂಜೆಕ್ಷನ್ ಕೊಟ್ಟೆವು. ನೋವು ಇಳಿಯಿತು, ನಾಡಿ ಇಳಿಯಲಿಲ್ಲ. ನನಗೆ ತುಂಬಾ ದಿಗಿಲು ಹುಟ್ಟಿಸುವುದು ಇದೇ. ಮೊದಲು ಒಳಗೆಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ಸ್ಕ್ಯಾನ್ ಹಿಡಿದೆ. ಹೊಟ್ಟೆಯಲ್ಲಾಗಲಿ ಹೃದಯದ ಚೀಲದಲ್ಲಾಗಲಿ ಏನೂ ಕಾಣಲಿಲ್ಲ. ಇಸಿಜಿಯಲ್ಲಿ ನಡುನಡುವೆ ಅಗಲವಾದ ಹೆಚ್ಚುವರಿ ಬಡಿತಗಳಿದ್ದವು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನ್ ಏರಿತ್ತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಬಲಗಡೆಯ ಕೆಳಕೋಣೆಯ ಗೋಡೆ ಸೋತಂತೆ ಅಲುಗುತ್ತಿತ್ತು.

"ಮಾತಾಡ್ಕೊಂಡು ಚೆನ್ನಾಗೇ ಇದ್ದಾರಲ್ಲ ಡಾಕ್ಟ್ರೇ, ಐಸಿಯು ಯಾಕೆ?" ಅಂತ ಅವರ ಹೆಂಡತಿ ಕೇಳಿದರು. ಕೂರಿಸಿ ಹೇಳಿದೆ: "ನೋಡಮ್ಮಾ, ಜಜ್ಜಿದ ಹೃದಯ ಯಾವಾಗ ತಾಳ ತಪ್ಪುತ್ತೆ ಹೇಳಕ್ಕಾಗಲ್ಲ. ತಪ್ಪಿದ್ರೆ ನಾವು ಪಕ್ಕದಲ್ಲಿರಬೇಕು." ಆ ರಾತ್ರಿಯೇ ಮಾನಿಟರ್ ಕೂಗಿತು. ಬಡಿತ ಕೆಲವು ಸೆಕೆಂಡು ಓಡಿ ತಾನೇ ಹತೋಟಿಗೆ ಬಂತು. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಿತ್ತು, ಅದೂ ತಾಳ ತಪ್ಪಿಸಬಲ್ಲದು, ಸರಿಮಾಡಿದೆವು. ಇಂಥ ಪೆಟ್ಟಿಗೆ ಹೆಚ್ಚಿನ ಸಲ ದೊಡ್ಡ ಔಷಧಿ ಬೇಕಾಗುವುದಿಲ್ಲ, ಕಾವಲು ಬೇಕು. ಮುಂದೆ ತೆಗೆದ ಎಕೋದಲ್ಲಿ ಗೋಡೆ ಮೊದಲಿನಂತೆ ಬಡಿಯುತ್ತಿತ್ತು.

ಇಸಿಜಿ, ಟ್ರೋಪೋನಿನ್ ಎರಡೂ ಸರಿ ಇದ್ದರೆ ಹೃದಯಕ್ಕೆ ದೊಡ್ಡ ಪೆಟ್ಟಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಬರೀ ಒಂದನ್ನೇ ನಂಬಬಾರದು. ಯಾವುದರಲ್ಲಿ ಏರುಪೇರು ಕಂಡರೂ ಕನಿಷ್ಠ 24 ಗಂಟೆ ಮಾನಿಟರ್ ಹಾಕಿಡುತ್ತೇನೆ.

ಇನ್ನೊಂದು ಬಗೆ ಇದೆ, ಅದು ಆಸ್ಪತ್ರೆ ತಲುಪುವವರೆಗೂ ಕಾಯುವುದಿಲ್ಲ. ಎರಡು ಬಡಿತಗಳ ನಡುವಿನ ಒಂದು ಸೂಕ್ಷ್ಮ ಗಳಿಗೆಯಲ್ಲಿ ಎದೆಗೆ ಚೆಂಡೋ ಮೊಣಕೈಯೋ ಬಡಿದರೆ, ಏನೂ ಜಜ್ಜದಿದ್ದರೂ ಹೃದಯ ಅಲ್ಲೇ ನಿಂತುಬಿಡಬಹುದು. ಅಮೆರಿಕದ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ 2023ರ ಜನವರಿ 2ರಂದು ಮೈದಾನದಲ್ಲಿ ಕುಸಿದದ್ದು ಹೀಗೇ. ಅಲ್ಲೇ ಎದೆ ಒತ್ತಿದರು, ಶಾಕ್ ಕೊಟ್ಟರು. ಅವರು ಉಳಿದರು, ಅದೇ ವರ್ಷ ಮತ್ತೆ ಆಡಿದರು.

ನಮ್ಮ ಕಡೆ ಕ್ರಿಕೆಟ್ ಆಡಿಸುವವರಿಗೆ ಇದನ್ನು ಹೇಳುತ್ತಲೇ ಇರುತ್ತೇನೆ. ಪೆಟ್ಟು ಬಿದ್ದ ಎದೆಯನ್ನೇ ಒತ್ತುವುದಾ ಅಂತ ಜನ ಹಿಂಜರಿಯುತ್ತಾರೆ. ಹುಡುಗ ಕುಸಿದು, ಕೂಗಿದರೂ ಓಗೊಡದೆ, ಉಸಿರೂ ಸರಿಯಾಗಿ ಆಡದಿದ್ದರೆ ಒತ್ತಲೇಬೇಕು. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಅಂಗೈ ಊರಿ ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು.